ಮಂಗಗಳ ಎಣಿಕೆ, ಅತ್ತೆಯ ಊಟ

ಗಜೇಂದ್ರಗಡದಲ್ಲಿ ನಮ್ಮ ಮನೆ ಗುಡ್ಡದ ಬುಡಕ್ಕೇ ಇದೆ. ಬೆಳಿಗ್ಗೆ ಪೂಜೆ ಮುಗಿಸಿ ಗುಡ್ಡದ ಮಂಗಗಳಿಗೆ ಪುಟಾಣಿ ಕಡಲೆ, ಬಾಳೆಹಣ್ಣು ಹಾಕದೆ ನಮ್ಮ ಅತ್ತೆ ಒಂದು ತುತ್ತು ಬಾಯಿಗಿಡುವವರಲ್ಲ. "ಹಣಮಪ್ಪ ಉಣ್ಣದ ನಾ ಹ್ಯಾಂಗ ಉಣ್ಣಲಿ?" ಎನ್ನುತ್ತಾರೆ. ಮಾವ ದೊಡ್ಡ ಕಾಯಿಲೆಯಿಂದ ಎದ್ದಾಗ ಹಿಡಿದ ನೇಮ ಅದು.

ಹೋದ ವರ್ಷ ಧಾರವಾಡದ ಕಡೆಯ ಹುಡುಗಿಯೊಬ್ಬಳು ಮಂಗಗಳನ್ನು ಎಣಿಸಲು ಬಂದು ನಮ್ಮ ಮುಂದಿನ ಕೋಣೆಯಲ್ಲಿ ಇಳಿದುಕೊಂಡಳು. ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ಈ ಮಂಗಗಳು ಎಷ್ಟೋ ಊರುಗಳಲ್ಲಿ ಈಗ ಕಾಣುವುದೇ ಇಲ್ಲವಂತೆ. ನಮಗೆ ನಗು ಬಂತು. ದಿನಾ ನಮ್ಮ ಸಂಡಿಗೆ ಕದಿಯುವವು ಕಡಿಮೆಯಾಗಿವೆ ಎಂದರೆ ಯಾರು ನಂಬಬೇಕು?

ಮೊದಲ ದಿನವೇ ಅವಳು ಮುಖ ಸಣ್ಣದು ಮಾಡಿಕೊಂಡು ಬಂದಳು. "ಅಮ್ಮಾರ, ನೀವು ಪುಟಾಣಿ ಹಾಕಿದ ಕೂಡಲೇ ಎರಡು ಗುಂಪು ಕೂಡಿ ಕಲಸಿಹೋದ್ವು. ಎಣಿಸಿದ್ದನ್ನ ಮತ್ತ ಎಣಿಸಾಕತ್ತೇನಿ. ಈ ವರ್ಷ ಮರಿ ಆಗ್ಯಾವೋ ಇಲ್ಲೋ ತಿಳಿಬೇಕ್ರಿ. ಮರಿ ಇಲ್ಲಂದ್ರ ಇವು ಮುಗದಂಗ. ನಾಳೆ ಒಂದಿನ ಏನೂ ಹಾಕಬ್ಯಾಡ್ರಿ."

"ಹಾಕೂದಿಲ್ಲ ಬಿಡವಾ," ಎಂದರು ಅತ್ತೆ. "ಆದ್ರ ನಾನೂ ಉಣ್ಣೂದಿಲ್ಲ."

ಅತ್ತೆಗೆ ಸಕ್ಕರೆ ಕಾಯಿಲೆ. ಹಿಂದೊಮ್ಮೆ ಹಸಿವಿನಿಂದಲೇ ತಲೆಸುತ್ತಿ ಅಂಗಳದಲ್ಲಿ ಬಿದ್ದಿದ್ದರು.

"ಗುಳಿಗಿ ತಗೊಂಡು ಹಸದಿರಬಾರದಂತ ಡಾಕ್ಟರು ಹೇಳ್ಯಾರಲ್ರೀ ಅತ್ತೀರ."

"ಡಾಕ್ಟರು ಹಣಮಪ್ಪಗಿಂತ ಶಾಣ್ಯಾ ಏನ?"

ಮರುದಿನ ಗುಳಿಗೆ ನುಂಗಿದರು; ಗುಳಿಗೆ ಊಟವಲ್ಲವಂತೆ! ಮನೆಯಲ್ಲಿ ಕೂರಿಸಿದರೆ ಕೈ ತಡೆಯದೆ ಪುಟಾಣಿ ಹಾಕಿಯಾರು ಎಂದು ಅವರನ್ನೂ ಹುಡುಗಿಯ ಜೊತೆ ಗುಡ್ಡಕ್ಕೆ ಕರೆದುಕೊಂಡು ಹೋದೆ. ಸೆರಗಿನ ಮರೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯದ ಗಂಟು.

ಬಿಸಿಲು ಬಂಡೆಗೆ ಬಿದ್ದಾಗ ಮಂಗಗಳು ಎದ್ದವು. ಒಂದರ ಹಿಂದೆ ಒಂದು ಬಂಡೆಯ ಸಂದು ದಾಟಿದವು. ಹುಡುಗಿ ತುಟಿಯಲ್ಲೇ ಎಣಿಸಿದಳು. ಕೆಲವು ಪುಟಾಣಿಯ ಆಸೆಗೆ ನಮ್ಮ ಮಾಳಿಗೆಯ ಕಡೆ ನೋಡುತ್ತ ಕುಳಿತವು. ಮರಿ ಒಂದೂ ಕಾಣಲಿಲ್ಲ. ಅಷ್ಟರಲ್ಲಿ ಅತ್ತೆಯ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರು. ರೊಟ್ಟಿ ಮುರಿದು ಹಿಡಿದೆ, ಮುಖ ತಿರುಗಿಸಿದರು. ಸ್ವಾಮಿ, ನೀನೇ ಕಾಪಾಡು ಎಂದು ಕಣ್ಣು ಮುಚ್ಚಿದೆ.

"ಏ, ಅಲ್ಲಿ ನೋಡ," ಎಂದರು ಅತ್ತೆ.

ಮಂಗಗಳು ಕೆಳಗಿನ ಅತ್ತಿಯ ಮರ ಹತ್ತಿದ್ದವು. ಹಿಂದೆ ಉಳಿದಿದ್ದ ಹೆಣ್ಣುಗಳೂ ಬಂದವು, ಹೊಟ್ಟೆಗೆ ಅಂಟಿಕೊಂಡ ಮರಿಗಳ ಸಮೇತ. ಎಲ್ಲವೂ ಕಾಯಿ ಕಿತ್ತು ಕಿತ್ತು ಗಲ್ಲದಲ್ಲಿ ತುಂಬಿಕೊಳ್ಳುತ್ತಿದ್ದವು.

"ಉಣ್ಣಾಕತ್ತಾವಲ್ಲ?"

"ಹೌದ್ರಿ, ಉಣ್ಣಾಕತ್ತಾವ."

"ನನ್ನ ಪುಟಾಣಿ ಹಾದಿ ನೋಡಲಿಲ್ಲ ನೋಡ, ಭಾಡ್ಯಾಗೋಳು! ತಾ ಇಲ್ಲಿ ರೊಟ್ಟಿ."

ಹುಡುಗಿ ತಿರುಗಿ, "ಸುಮ್ಕ ಕೂಡ್ರಿ ಅಮ್ಮಾರ, ಮರಿ ಎಣಿಸಾಕತ್ತೇನಿ," ಎಂದಳು. ಅವಳ ಕಣ್ಣು ತುಂಬಿತ್ತು. ಅತ್ತೆ ಒಣಗಿ ಗರಿಗರಿಯಾದ ಕಟಿ ರೊಟ್ಟಿಯನ್ನು ಸಪ್ಪಳವಾಗದಂತೆ ಬಾಯಲ್ಲೇ ನೆನೆಸಿ ನೆನೆಸಿ ತಿಂದರು. ಅವರ ಕೈ ನಡುಕ ನಿಲ್ಲುವವರೆಗೂ ನಾನು ನೀರಿನ ತಂಬಿಗೆ ಹಿಡಿದೇ ಕುಳಿತಿದ್ದೆ.