ದೊಡ್ಡವ್ವನ ಪ್ರಶ್ನೆ, ಅವ್ವನ ಉತ್ತರ

ನಾಗರ ಪಂಚಮಿ ಎಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಶೇಂಗಾದ ಉಂಡಿ ನೆನಪಾಗುತ್ತವೆ. ನನಗೆ ಮಾತ್ರ ಜೋಕಾಲಿಯ ಹಾಡು.

ಅವ್ವನ ತವರು ದೇವದುರ್ಗ. ಅವಳನ್ನು ಕೊಟ್ಟದ್ದು ರಾಯಚೂರಿಗೆ, ಅವಳ ಅಕ್ಕನನ್ನು, ಅಂದರೆ ನಮ್ಮ ದೊಡ್ಡವ್ವನನ್ನು, ಮಾನ್ವಿಗೆ. ಪಂಚಮಿಗೆ ಮಾವ ಬಂದು ಇಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೇ ತಡ, ಅಕ್ಕತಂಗಿ ಹಲಗೆಯ ಮೇಲೆ ಎದುರುಬದುರು ನಿಂತು ಜೀಕುತ್ತಿದ್ದರು. ದೊಡ್ಡವ್ವನ ಕಡೆ ಮೇಲೇರಿದಾಗ ಅವಳದೊಂದು ಪ್ರಶ್ನೆ: ದಾರಿಯಲ್ಲಿ ಏನು ಕಂಡೆ, ಅತ್ತೆ ಏನು ಕಟ್ಟಿಕೊಟ್ಟಳು, ನಾದಿನಿ ಏನೆಂದಳು. ಅವ್ವನ ಕಡೆ ಮೇಲೇರಿದಾಗ ಅವ್ವನ ಉತ್ತರ. ಹಾಡು ಮುಗಿಯುವ ಹೊತ್ತಿಗೆ ಅತ್ತೆ ಮನೆಯವರ ಮಾನ ಉಳಿಯುತ್ತಿರಲಿಲ್ಲ. ಹಬ್ಬಕ್ಕೆಂದು ಬಂದ ಅಪ್ಪ ಅದಕ್ಕೇ ಹಿತ್ತಲ ಕಡೆ ಸುಳಿಯುತ್ತಿರಲಿಲ್ಲ. ಪಕ್ಕದ ಓಣಿಯ ಬಳೆಗಾರ್ತಿ, ನಾವೆಲ್ಲ ಖಾಲಾ ಎಂದು ಕರೆಯುವ ಮುಸ್ಲಿಂ ಹೆಂಗಸು, ಮಾತ್ರ ಕಟ್ಟೆಯ ಮೇಲೆ ಕೂತು, ಬಂದ ಹೆಣ್ಣುಮಕ್ಕಳಿಗೆ ಬಳೆ ಇಡಿಸುತ್ತ, ಎಲ್ಲ ಕೇಳುತ್ತಿದ್ದಳು. ಅವಳೆಂದೂ ಜೋಕಾಲಿ ಹತ್ತಿದವಳಲ್ಲ.

ಒಬ್ಬಳ ಸಾಲಿಗೆ ಇನ್ನೊಬ್ಬಳು ಬಾಯಿ ಹಾಕಿದರೆ ಜೀಕು ತಪ್ಪುತ್ತದೆಂದು ಅಜ್ಜಿ ಇಬ್ಬರಿಗೂ ಅವರವರ ಪಾಲನ್ನಷ್ಟೇ ಕಲಿಸಿದ್ದಳು. ಅಡುಗೆಮನೆಯಲ್ಲಿ ಹಾಡು ಎಂದು ಕಾಡಿದರೆ ಅವ್ವ ಬೈಯುತ್ತಿದ್ದಳು. “ನೆಲದ ಮ್ಯಾಲ ನಿಂತ್ರ ಅದು ಬರಂಗಿಲ್ಲ. ಅಕ್ಕ ಕೇಳಬೇಕು, ನಾ ಮ್ಯಾಲ ಹೋಗಬೇಕು.”

ಹೋದ ವರ್ಷ ದೊಡ್ಡವ್ವನ ಗಂಟಲಿಗೆ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಕೇಳುವವರಿಲ್ಲದೆ ಅವ್ವನ ಹಾಡೂ ಅಲ್ಲಿಗೇ ನಿಂತಿತು. ಈ ಸಲ ಪಂಚಮಿಗೆ ಬರುವುದೇ ಇಲ್ಲ ಎಂದು ಅವ್ವ ಹಟ ಹಿಡಿದಳು. “ಅಕ್ಕ ಎದುರಿಗೆ ಮೂಕಾಗಿ ನಿಂತ್ರ ನಾ ಹ್ಯಾಂಗ ಜೀಕಲಿ?” ಮಾವ ಮತ್ತೆ ಬಂದು ಕರೆದ ಮೇಲೆ ಗೊಣಗುತ್ತಲೇ ಹೊರಟಳು. ನಾನೂ ಜೊತೆಗೆ ಹೋದೆ.

ದೇವದುರ್ಗದಲ್ಲಿ ಮಾವನ ಸೊಸೆ ಬೇಸರ ಕಳೆಯಲೆಂದು ಫೋನಿನಲ್ಲಿ ಪಂಚಮಿ ಹಾಡು ಹಚ್ಚಿದಳು. ಡಬ್ಬಿ ಬಡಿದಂಥ ಸದ್ದು. ನನಗೆ ಸಿಟ್ಟು ನೆತ್ತಿಗೇರಿ, ಮೊದಲು ಅದನ್ನು ಬಂದ್ ಮಾಡು ಎಂದೆ. ದೊಡ್ಡವ್ವ ಕಣ್ಸನ್ನೆ ಮಾಡಿ ಕರೆದ ಮೇಲೆ ಅಕ್ಕತಂಗಿ ಹಲಗೆ ಹತ್ತಿದರು. ದೊಡ್ಡವ್ವ ಮೇಲೇರಿದಳು; ತುಟಿ ಆಡಿದವು, ದನಿಯಿಲ್ಲ. ಅವ್ವ ಮೇಲೇರಿದಳು, ಬಾಯಿ ಬಿಡಲಿಲ್ಲ. ಹಗ್ಗ ಕಿರಗುಡುವುದಷ್ಟೇ ಕೇಳುತ್ತಿತ್ತು. ನೋಡಲಾಗದೆ ನಾನು ಕಟ್ಟೆಗೆ ಹೋಗಿ, ಬಳೆ ಇಡಿಸಿಕೊಳ್ಳಲು ಖಾಲಾಳ ಮುಂದೆ ಕೈ ಚಾಚಿ ಕೂತೆ.

ದೊಡ್ಡವ್ವ ಮತ್ತೆ ಮೇಲೇರಿದಾಗ ಪ್ರಶ್ನೆ ಕೇಳಿಸಿತು. ದಾರಿಯಲ್ಲಿ ಏನು ಕಂಡೆ ತಂಗಿ? ಹಾಡಿದವಳು ನನ್ನ ಎದುರಿಗೇ ಇದ್ದಳು. ಖಾಲಾ ನನ್ನ ಕೈ ಹಿಡಿದು, ತಲೆಯನ್ನೂ ಎತ್ತದೆ, ಬೆರಳ ಗೆಣ್ಣು ದಾಟಿಸಿ ಬಳೆ ಇಡಿಸುತ್ತಲೇ ಹಾಡುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು ಆಡುವ ಬಾಯಿ. ಆದರೆ ದೊಡ್ಡವ್ವ ಎಳೆಯುತ್ತಿದ್ದ ಕಡೆಗೇ ಎಳೆದಳು, ಉಸಿರು ಹಿಡಿಯುತ್ತಿದ್ದ ಕಡೆಗೇ ಹಿಡಿದಳು. ನಾನು ದಂಗಾಗಿ ಕೂತೆ. ನನ್ನ ಕೈ ಅವಳ ಕೈಯಲ್ಲಿದೆ ಎಂಬುದೂ ಮರೆತುಹೋಯಿತು.

ಅವ್ವನೂ ಬೆರಗಾಗಿ ಉತ್ತರ ಹಾಡುವುದನ್ನೇ ಮರೆತಳು. ಖಾಲಾ ಅದನ್ನೇ ಮತ್ತೆ ಕೇಳಿದಳು. ದೊಡ್ಡವ್ವ ಹಲಗೆಯನ್ನು ಕಾಲಿನಿಂದ ಧಡ್ಡೆಂದು ಗುದ್ದಿದಳು, ಹೇಳೇ ಎನ್ನುವ ಹಾಗೆ. ಅವ್ವ ಮೇಲೇರಿದಳು, ಉತ್ತರ ಬಂತು. ಆಮೇಲೆ ಪ್ರಶ್ನೆಯ ಹಿಂದೆ ಪ್ರಶ್ನೆ. ದೊಡ್ಡವ್ವನ ತುಟಿ, ಖಾಲಾಳ ದನಿ ಒಂದಿಷ್ಟೂ ಹಿಂದುಮುಂದಾಗದೆ ಸಾಗಿದವು.

ಹಾಡು ಮುಗಿದಾಗ ಅವ್ವನ ಕಣ್ಣು ಒದ್ದೆಯಾಗಿದ್ದವು. “ಯಾವಾಗ ಕಲ್ತಿ ಖಾಲಾ?”

“ಕಲ್ತಿಲ್ಲರೀ. ಅಕ್ಕಾರು ಮ್ಯಾಲ ಹೋದ್ರು, ಬಾಯಿಗೆ ಬಂತು.”

ದೊಡ್ಡವ್ವ ಇಳಿದು ಬಂದು, ನೀನು ಹತ್ತು ಎನ್ನುವ ಹಾಗೆ ಖಾಲಾಳ ರಟ್ಟೆ ಹಿಡಿದೆಳೆದಳು. ಖಾಲಾ ಕೂತಲ್ಲಿಂದ ಅಲುಗಲಿಲ್ಲ.

“ನೀವು ಇಳದ್ರ ನನಗ ಹಾಡು ಎಲ್ಲಿಂದ ಬರಬೇಕ್ರೀ? ಹೋಗ್ರಿ, ತಂಗಿ ಎದುರಿಗೆ ನಿಂದರ್ರಿ.”

ದೊಡ್ಡವ್ವ ಮತ್ತೆ ಹಲಗೆ ಹತ್ತಿದಳು.