ಭಾವನ ಬೆರಳಿಗೆ ನೋವಾದದ್ದು

ಹಂಪನಕಟ್ಟೆಯ ಒಂದು ಔಷಧಿ ಅಂಗಡಿಯಲ್ಲಿ ನನ್ನ ಕೆಲಸ. ಶಾಲೆ ಮುಗಿಸಿದ್ದು ತಡವಾಗಿ. ಮಾತ್ರೆಗಳ ಹೆಸರು ಮಾತ್ರ ಬೇಗ ಕಲಿತೆ. ಬಸ್ಸಿಳಿದು ಬರುವ ಹೆಚ್ಚಿನವರಿಗೆ ತಲೆನೋವೋ ಸೊಂಟನೋವೋ ಕೂಡಲೇ ನಿಲ್ಲಬೇಕು. ಮನೆ ಮುಟ್ಟುವಷ್ಟು ತಾಳ್ಮೆಯಿಲ್ಲದೆ ಅಲ್ಲೇ ನೀರು ಕೇಳಿ ನುಂಗುತ್ತಾರೆ. ನಾನೂ ಅವರಂತೆಯೇ. ನನ್ನ ಅಂಗಿಯ ಕಿಸೆಯಲ್ಲಿ ಯಾವಾಗಲೂ ನೋವಿನ ಮಾತ್ರೆಯ ಒಂದು ಸ್ಟ್ರಿಪ್ ಇರುತ್ತದೆ.

ಒಂದು ಮಧ್ಯಾಹ್ನ ಅಂಗಡಿಗೆ ಭಾವ ಬಂದರು. ಅಕ್ಕನ ಗಂಡ, ಶಕ್ತಿನಗರದ ಕಡೆಯ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಕೆಲವು ತಿಂಗಳ ಹಿಂದೆ ಎಣ್ಣೆಯ ಗಾಜಿನ ಬಾಟ್ಲಿ ಹಿಡಿದುಕೊಂಡೇ ಮೆಟ್ಟಿಲಲ್ಲಿ ಜಾರಿ ಬಿದ್ದು, ಒಡೆದ ಗಾಜಿಗೆ ಬಲ ಮಣಿಕಟ್ಟಿನ ನರ ತುಂಡಾಗಿತ್ತು. ಡಾಕ್ಟರು ಹೊಲಿದಿದ್ದರು. ಬೆರಳು ಮಡಚುತ್ತಿದ್ದವು, ಆದರೆ ಸ್ಪರ್ಶ ತಿಳಿಯುತ್ತಿರಲಿಲ್ಲ. ನರ ಮೆಲ್ಲ ಬೆಳೆಯುತ್ತದೆ, ಬೆಳೆಯದೆಯೂ ಇರಬಹುದು ಎಂದಿದ್ದರಂತೆ.

ಹಿಂದಿನ ದಿನ ಮಂಗಳಾರತಿಯಲ್ಲಿ ಆರತಿಯ ಹಿಡಿ ಕಾದು ಬೆರಳಲ್ಲಿ ಬೊಬ್ಬೆ ಎದ್ದದ್ದು ಭಾವನಿಗೆ ಗೊತ್ತೇ ಆಗಲಿಲ್ಲ. ನೋಡಿದವರು ದೇವರ ಶಕ್ತಿ ಎಂದು ಕೈ ಮುಗಿದರಂತೆ. ಭಾವನಿಗೆ ಮಾತ್ರ ಹೆದರಿಕೆ. ಹೀಗೆ ಸುಟ್ಟುಕೊಳ್ಳುತ್ತ ಹೋದರೆ ಬೆರಳೂ ಉಳಿಯದು, ಪೂಜೆಯೂ ಉಳಿಯದು. ದೇವಸ್ಥಾನದಲ್ಲಿ ಬೇರೆ ಅರ್ಚಕರನ್ನು ನೋಡುವ ಮಾತು ಆಗಲೇ ಶುರುವಾಗಿತ್ತು.

ಬ್ಯಾಂಡೇಜಿನ ಬೆರಳನ್ನು ಕೌಂಟರಿನ ಮೇಲಿಟ್ಟು, ನನ್ನ ಹಿಂದಿನ ಕಪಾಟುಗಳನ್ನು ನೋಡಿದರು.

"ನೋವು ಹೋಗ್ಲಿಕ್ಕೆ ಇಷ್ಟು ಮದ್ದು ಉಂಟಲ್ಲ. ಬರ್ಲಿಕ್ಕೆ ಎಂತಾದ್ರೂ ಉಂಟಾ ಮಾರಾಯ?"

ನಾನು ನಕ್ಕೆ. ಅವರು ನಗಲಿಲ್ಲ. ತಿರುಗಿ ನೋಡಿದೆ. ಗೋಡೆ ತುಂಬ ಮದ್ದು, ಅವರಿಗೆ ಕೊಡಲು ಒಂದೂ ಇರಲಿಲ್ಲ.

ಮುಂದಿನ ಹಬ್ಬದ ಹೊತ್ತಿಗೆ ತೋರಣಕ್ಕೆಂದು ಅವರ ಹಿತ್ತಿಲಲ್ಲಿ ಮಾವಿನೆಲೆ ಕೊಯ್ಯುತ್ತಿದ್ದೆವು. ಕೊಂಬೆ ಬಗ್ಗಿಸಿದ ಭಾವ ಹಾಗೇ ನಿಂತುಬಿಟ್ಟರು. ನಡುಬೆರಳ ತುದಿಯಲ್ಲಿ ಒಂದು ಕೆಂಪಿರುವೆ ಕಚ್ಚಿಕೊಂಡಿತ್ತು. ಕೊಡವಿ ಹಾಕಲು ಹೋದೆ. ಅವರು ಕೈ ಹಿಂದೆ ಎಳೆದುಕೊಂಡರು.

"ಮುಟ್ಟಬೇಡ. ಕಚ್ತಾ ಉಂಟು."

ಅಕ್ಕ ಹೊರಗೆ ಬಂದಳು. "ಇರುವೆ ಕಚ್ಚಿದ್ದಕ್ಕೆ ಎಂತ ಮುಖ ನಿಮ್ಮದು? ಸುಣ್ಣ ತರ್ತೇನೆ, ನಿಲ್ಲಿ" ಎಂದವಳು ಅದು ಯಾವ ಕೈ ಎಂದು ನೋಡಿ ಅಲ್ಲೇ ನಿಂತಳು.

ನನ್ನ ಕೈ ಅಭ್ಯಾಸದಂತೆ ಕಿಸೆಗೆ ಹೋಗಿತ್ತು. ಹಾಗೇ ಬಿಟ್ಟೆ. ಭಾವನ ಕಣ್ಣು ತುಂಬಿತ್ತು.

"ಸುಣ್ಣ ಈಗ ಬೇಡ," ಎಂದರು. "ಲಾಯ್ಕ ಉರೀತಾ ಉಂಟು."

ಬೆರಳಿನ ಆ ಕೆಂಪು ಚುಕ್ಕೆಯನ್ನು ಮೂವರೂ ಬಗ್ಗಿ ನೋಡಿದೆವು. ಆಮೇಲೆ ಭಾವ ಅದೇ ಕೈಯಿಂದ ಇನ್ನೊಂದು ಕೊಂಬೆ ಬಗ್ಗಿಸಿದರು.