ಹಟ್ಟಿ ತಾತನ ಸರ್ ನೇಮು

ನಮ್ಮ ಕಡೆಯವರ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ಕಂಡು ಬಾಯಲ್ಲಿ ನೀರೂರಿಸಿಕೊಂಡವರು ಕೆಟ್ಟರು ಅಂತಲೇ ಲೆಕ್ಕ. ನೀಲಿ ತಗಡಿನ ದುಂಡು ಡಬ್ಬಿ, ಮುಚ್ಚಳ ತೆಗೆದರೆ ಸೂಜಿ, ದಾರ, ಕಿತ್ತುಹೋದ ಗುಂಡಿ, ಯಾವ ಕಾಲದ್ದೋ ರವಿಕೆಯ ಹುಕ್ಕು. ಸಮುದ್ರ ದಾಟಿ ಅಮೆರಿಕದ ಓಕ್ಲ್ಯಾಂಡಿಗೆ ಬಂದರೂ ಆ ಡಬ್ಬಿಯ ಧರ್ಮ ಬದಲಾಗಿಲ್ಲ. ಮೊನ್ನೆ ಭಾನುವಾರ ಮಗಳು ಬಂದು, "ಅಮ್ಮಾ, ಐ ನೀಡ್ ಸಮ್ ಥ್ರೆಡ್" ಅಂದಳು. ಸ್ಕೂಲಿನಲ್ಲಿ ಫ್ಯಾಮಿಲಿ ಟ್ರೀ ಪ್ರಾಜೆಕ್ಟಂತೆ. ರಟ್ಟಿನ ಮೇಲೆ ಹೆಸರು ಅಂಟಿಸಿ, ಒಂದರಿಂದ ಇನ್ನೊಂದಕ್ಕೆ ದಾರ ಎಳೀಬೇಕಂತೆ. ಡಬ್ಬಿ ತೆಗೆದೆ. ಕೆಂಪು ಉಣ್ಣೆ ದಾರದ ಉಂಡೆಯೊಂದು ಮೇಲೇ ಕೂತಿತ್ತು. ಕೈಗೆ ತೆಗೆದುಕೊಂಡೆ.

ಅದು ಹಟ್ಟಿ ತಾತನ ದಾರ.

ಹಟ್ಟಿ ತಾತ ಅಂದರೆ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿದ್ದ ಮಿಸ್ಟರ್ ಬೂತ್‌ರಾಯ್ಡ್. ಇಲ್ಲಿನ ಬಂದರಿನಲ್ಲಿ ಕ್ರೇನು ನಡೆಸಿ ರಿಟೈರಾಗಿದ್ದ, ಎಂಬತ್ತು ದಾಟಿದ ಅಮೆರಿಕನ್ ಮುದುಕರು. ಹೆಂಡತಿ ತೀರಿಕೊಂಡಿದ್ದರು. ಒಬ್ಬನೇ ಮಗ, ಅವನೂ ಅಪ್ಪನಿಗಿಂತ ಮುಂಚೆ ಹೋಗಿಬಿಟ್ಟಿದ್ದ. "ನನಗೆ ಉಳಿದಿರೋದು ಹೆಸರೊಂದೇ" ಅಂತ ಅವರೇ ಹೇಳ್ತಿದ್ದರು. ಅವರ ಹಾಲಿನಲ್ಲಿ ಟೀವಿ ಇರಬೇಕಾದ ಗೋಡೆ ತುಂಬ ಒಂದು ಮ್ಯಾಪು. ಅದರ ಮೇಲೆ ಗುಂಡುಸೂಜಿಗಳು, ಸೂಜಿಯಿಂದ ಸೂಜಿಗೆ ಕೆಂಪು ದಾರ. ಇಂಗ್ಲೆಂಡಿನ ಯಾರ್ಕ್‌ಷೈರ್ ಗುಡ್ಡದಲ್ಲಿ ಹುಟ್ಟಿದ ಹೆಸರು ಉಣ್ಣೆ ನೇಯುತ್ತಾ ಕಣಿವೆಗೆ ಇಳಿದು, ಹಡಗು ಹತ್ತಿ ಫಿಲಡೆಲ್ಫಿಯಾ ಸೇರಿ, ಅಲ್ಲಿಂದ ಒಹಾಯೊ, ಅಲ್ಲಿಂದ ರೈಲು ಹಳಿಯ ಕೆಲಸ ಹಿಡಿದು ಓಕ್ಲ್ಯಾಂಡಿಗೆ ಬಂದು ಮುಟ್ಟಿತ್ತು.

ಮೊದಲ ದಿನ ಅವರು ನನಗೆ ಹೆಸರಿನ ಅರ್ಥ ಬಿಡಿಸಿ ಹೇಳಿದರು. ಬೂತ್ ಅಂದರೆ ದನ ಕಾಯೋರ ಗುಡಿಸಲು, ರಾಯ್ಡ್ ಅಂದರೆ ಕಾಡು ಕಡಿದು ಮಾಡಿಕೊಂಡ ಬಯಲು. "ಅಯ್ಯೋ, ಹಟ್ಟಿ ಅನ್ನಿ!" ಅಂದೆ. ನಮ್ಮ ಸೀಮೆಯ ಗೊಲ್ಲರ ಹಟ್ಟಿಯ ವಿಚಾರ ಹೇಳಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ "ಹ್ಯಾಟಿ!" ಅಂತ ಎದೆ ಮುಟ್ಟಿಕೊಳ್ಳೋರು. ನನ್ನ ಮಗಳ ಬಾಯಲ್ಲಿ ಅವರು ಹಟ್ಟಿ ತಾತ ಆದರು. ಸ್ವಂತ ತಾತಂದಿರ ಜೊತೆ ಫೋನಿನಲ್ಲಿ ಎರಡು ಮಾತಾಡೋಕೆ ಒದ್ದಾಡೋ ಹುಡುಗಿ ಇವರ ಹತ್ತಿರ ಗಂಟೆಗಟ್ಟಲೆ ಹರಟೋಳು.

ಹೆಸರಿನ ಮಾತು ಬಂತಲ್ಲ, ನನ್ನದನ್ನೂ ಹೇಳಿಬಿಡ್ತೀನಿ. ಮಂಡ್ಯ ಕಡೆ ನಮಗೆಲ್ಲ ಇರೋದು ಇನಿಶಿಯಲ್ಲು. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ನಾವು. ನನ್ನ ಮದುವೆ ಗೊತ್ತಾದ ಮೇಲೆ ಪಾಸ್‌ಪೋರ್ಟಿನ ಫಾರಂ ತಂದು ನಮ್ಮಪ್ಪ ಜಗಲಿ ಮೇಲೆ ಕೂತು ತುಂಬಿಸ್ತಿದ್ದರು. ನಾನು ಒಳಗೆ ಒಗ್ಗರಣೆ ಹಾಕ್ತಿದ್ದೆ.

"ಸರ್ ನೇಮ್ ಅಂತ ಕೇಳವ್ರೆ ಕಣವ್ವ. ನಿಮ್ ಸರ್ ಹೆಸ್ರೇನು?"

"ಯಾವ ಸರ್ರಪ್ಪ?"

"ಅದೇ, ನಿಮ್ ಹೈಸ್ಕೂಲ್ನ ಸರ್ರು."

"ಪುಟ್ಟಸ್ವಾಮಯ್ಯ!" ಅಂತ ಒಳಗಿಂದ ಕೂಗಿದೆ. ಬಿ.ಕಾಂ. ಓದಿದವಳು ಕಣ್ರೀ ನಾನು, ಒಂದು ಸಲ ಎದ್ದು ಬಂದು ನೋಡಬಾರದಿತ್ತೇ? ಸಾರು ಉಕ್ಕುತ್ತಿತ್ತು. ವೆರಿಫಿಕೇಶನ್ನಿಗೆ ಬಂದ ಪೊಲೀಸಿನವರೂ ಕಾಫಿ ಕುಡಿದು, ನಿಪ್ಪಟ್ಟು ತಿಂದು ಸಹಿ ಹಾಕಿ ಹೋದರು. ಹೀಗೆ ಏಳರ ಮಗ್ಗಿಗೆ ತಪ್ಪದೆ ಬೆತ್ತದಲ್ಲಿ ಬಾರಿಸಿದ ಮೇಷ್ಟ್ರು ನನ್ನ ಸರ್‌ನೇಮ್ ಆಗಿ ವಿಮಾನ ಹತ್ತಿದರು. ನಮ್ಮೆಜಮಾನರ ಪಾಸ್‌ಪೋರ್ಟಿನಲ್ಲಿ ಆ ಜಾಗವೇ ಖಾಲಿ. ಹಾಗಾಗಿ ಹೆರಿಗೆಯಲ್ಲಿ ಮಗಳಿಗೂ ತಾಯಿಯ ಲಾಸ್ಟ್ ನೇಮೇ ಅಂಟಿತು. ಪುಟ್ಟಸ್ವಾಮಯ್ಯ ಮೇಷ್ಟ್ರಿಗೆ ಅಮೆರಿಕದಲ್ಲೊಬ್ಬ ಮೊಮ್ಮಗಳು! ಈ ಕಥೆ ಹೇಳಿ ನಾನು ಎಷ್ಟು ಪಾರ್ಟಿಗಳಲ್ಲಿ ಜನರನ್ನ ನಗಿಸಿದೀನೋ. ಕಥೆ ಸಿಕ್ಕರೆ ನನ್ನ ನಾಲಿಗೆ ಹಿಡಿತದಲ್ಲಿ ಇರೋದಿಲ್ಲ. ಎಲುಬಿಲ್ಲದ ನಾಲಿಗೆ ಅಂತಾರಲ್ಲ, ಅದು.

ನನ್ನ ಕೆಲಸ ಆಸ್ಪತ್ರೆಯೊಂದರ ರಿಜಿಸ್ಟ್ರೇಷನ್ ಕೌಂಟರಿನಲ್ಲಿ. ದಿನವಿಡೀ ಫಸ್ಟ್ ನೇಮು, ಲಾಸ್ಟ್ ನೇಮು, ಹುಟ್ಟಿದ ತಾರೀಕು. ಡಾಕ್ಟರುಗಳ ಕೈಬರಹ ಓದಿ ಓದಿ ಪಳಗಿದ ಕಣ್ಣು. ತಾತನ ಕಣ್ಣು ಮಂಜಾಗುತ್ತಾ ಬಂದಿತ್ತು, ಅದಕ್ಕೇ ಶನಿವಾರ ಮಧ್ಯಾಹ್ನ ನಾನು ಕೆಳಗೆ ಹೋಗಿ ಅವರ ಹಳೇ ಕಾಗದಗಳನ್ನು ಓದಿ ಹೇಳ್ತಿದ್ದೆ. ಅವರು ಚಹಾ ಮಾಡಿಕೊಡೋರು. ಪಾಪ, ನೀರಿನಂಥ ಚಹಾ.

ಗೋಡೆಯ ಮೇಲೆ ಒಂದೇ ಕಡೆ ದಾರ ಕೂಡಿರಲಿಲ್ಲ. ಹಡಗು ಹತ್ತಿದ ಥಾಮಸ್ ಬೂತ್‌ರಾಯ್ಡ್ ಆ ಗುಡ್ಡದ ಯಾವ ಮನೆಯ ಮಗ ಅನ್ನೋದು ಗೊತ್ತಿರಲಿಲ್ಲ. ಅದೊಂದು ಸಿಕ್ಕಿದರೆ ಆಯಿತು. ತಾವು ಸತ್ತ ಮೇಲೆ ಬೂದಿಯನ್ನ ಆ ಮನೆ ಇದ್ದ ಗುಡ್ಡದ ಮೇಲೆ ಬಿಡಬೇಕು ಅಂತ ಕಾಗದಪತ್ರ ಎಲ್ಲ ಮಾಡಿಸಿಟ್ಟಿದ್ದರು. "ಎಷ್ಟು ತಲೆಮಾರು ತಿರುಗಿದ್ದಾಯಿತು, ಇನ್ನು ಮನೆಗೆ ಹೋಗಬೇಕು" ಅನ್ನೋರು. ಇಲ್ಲಿ ಅವರಿಗೆ ಅಂತ ಯಾರಿದ್ದರು ಹೇಳಿ? ಅಲ್ಲಿ ಒಂದು ಗುಡ್ಡವಾದರೂ ಕಾಯ್ತಿದೆ ಅಂತ ಬದುಕಿದ್ದರು.

ಎರಡು ವರ್ಷದ ಹಿಂದೆ ಒಂದು ಶನಿವಾರ ಇಂಗ್ಲೆಂಡಿನಿಂದ ಲಕೋಟೆ ಬಂದಿತ್ತು, ಚರ್ಚಿನ ಹಳೇ ದಾಖಲೆಯ ನಕಲು. ತಾತ ಒಡೆಯದೆ ನನಗೋಸ್ಕರ ಕಾದಿದ್ದರು. ಶೇವ್ ಮಾಡಿಕೊಂಡು ಇಸ್ತ್ರಿ ಶರಟು ಹಾಕಿಕೊಂಡಿದ್ದರು. ಕೈಯಲ್ಲಿ ಕೆಂಪು ದಾರದ ತುದಿ ಹಿಡಿದು, "ಓದಿ" ಅಂದರು.

ಓದಿದೆ. ಥಾಮಸ್. ತಂದೆ ತಾಯಿ ಗೊತ್ತಿಲ್ಲದ ಅನಾಥ ಕೂಸು. ಬೂತ್‌ರಾಯ್ಡ್ ಅನ್ನೋ ನೇಕಾರನ ಹತ್ತಿರ ಕಸುಬು ಕಲಿಯಲು ಬಿಟ್ಟಿದ್ದರು. ಹೆಸರು ಅವನ ಮಾಸ್ಟರದು.

ಮಾಸ್ಟರು! ನಮ್ಮ ಮೇಷ್ಟ್ರು ಅನ್ನೋ ಮಾತು ಎಲ್ಲಿಂದ ಬಂತು ಮತ್ತೆ? ನನಗೆ ನಗು ತಡೆಯೋಕಾಗಲಿಲ್ಲ. "ಅಯ್ಯೋ ತಾತ, ನಿಮ್ಮದೂ ಮೇಷ್ಟ್ರ ಹೆಸರೇ!" ಅಂತ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕೆ. ಜಗಲಿ, ನಮ್ಮಪ್ಪ, ಒಗ್ಗರಣೆ, ಪುಟ್ಟಸ್ವಾಮಯ್ಯ, ಎಲ್ಲ ಅಭಿನಯ ಸಮೇತ ಹೇಳಿದೆ. ಅವರೂ ನಗ್ತಾರೆ ಅಂದುಕೊಂಡಿದ್ದೆ.

ಅವರು ದಾರದ ತುದಿ ಬಿಟ್ಟಿರಲಿಲ್ಲ. ನಾನು ಸುಸ್ತಾಗಿ ನಿಲ್ಲಿಸಿದ ಮೇಲೆ ಮೆಲ್ಲಗೆ ಕೇಳಿದರು, "ಸರಿಯಾಗಿ ಓದಿದಿರಾ? ಹಳೇ ಅಕ್ಷರ, ಕಾಣದೇ ಇರಬಹುದು."

ನೋಡಿ, ಬಾಗಿಲು ತೆಗೆದು ನಿಂತಿದ್ದರು ಅವರು. ಅಕ್ಷರ ಸರಿಯಾಗಿ ಕಾಣ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವರ ಕಣ್ಣಿಗೆ ಅದು ಹೇಗೂ ಕಾಣ್ತಿರಲಿಲ್ಲ, ಇನ್ನೊಬ್ಬರಿಗೆ ತೋರಿಸೋರೂ ಅಲ್ಲ. ನಾನೇನಂದೆ ಗೊತ್ತೇ? "ಡಾಕ್ಟರುಗಳ ಬರಹ ಓದೋಳು ನಾನು, ಇದು ಯಾವ ಲೆಕ್ಕ? ಸರಿಯಾಗೇ ಓದಿದೀನಿ." ಜಂಬ! ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ.

ಮುಂದಿನ ಶನಿವಾರ ಹೋದಾಗ ಗೋಡೆ ಬರಿದಾಗಿತ್ತು. ಬೂದಿಯ ಕಾಗದಪತ್ರ ಹರಿದು ಹಾಕಿದ್ದರು. "ಆ ಗುಡ್ಡ ಬೇರೆಯವರದು. ಅಲ್ಲಿಗೆ ನಾನು ಯಾರು ಅಂತ ಹೋಗಲಿ?" ಅಂದರು. ಹೆಸರು ಇಟ್ಟುಕೊಂಡವನೇ ಹೆಸರಿನವನು, ನನ್ನ ಮಗಳು ಪುಟ್ಟಸ್ವಾಮಯ್ಯ ಆಗಿಲ್ಲವೇ, ಅಂತೆಲ್ಲ ಗೋಗರೆದೆ. "ನಿಮಗೆ ಅದರ ಹಿಂದೆ ಊರಿದೆ, ಅಪ್ಪ ಇದ್ದಾರೆ. ಅದಕ್ಕೇ ನಗು ಬರುತ್ತೆ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ದಾರವನ್ನ ಉಂಡೆ ಸುತ್ತಿ ನನ್ನ ಕೈಗೆ ಕೊಟ್ಟು, ಮನೆಯಲ್ಲಿ ಏನಕ್ಕಾದರೂ ಬರುತ್ತೆ, ಇಟ್ಟುಕೊಳ್ಳಿ ಅಂದರು. ಚಹಾ ಕೊಡಲಿಲ್ಲ. ಆಮೇಲೆ "ಹ್ಯಾಟಿ" ಅನ್ನೋದೂ ನಿಂತುಹೋಯಿತು.

ಚಳಿಗಾಲದಲ್ಲಿ ಅವರನ್ನ ನಮ್ಮ ಆಸ್ಪತ್ರೆಗೇ ಕರಕೊಂಡು ಬಂದರು, ನನ್ನ ಕೌಂಟರಿಗೇ. ರೂಲ್ಸು ಏನಂದರೆ, ಹೆತ್ತ ತಾಯಿ ಬಂದು ನಿಂತರೂ ಹೆಸರನ್ನ ಅವರ ಬಾಯಿಂದಲೇ ಕೇಳಬೇಕು. ಕೇಳಿದೆ. ಫಸ್ಟ್ ನೇಮ್ ಹೇಳಿದರು. "ಲಾಸ್ಟ್ ನೇಮ್?" ಅಂದೆ. ವೀಲ್‌ಚೇರಿನಿಂದ ನನ್ನ ಮುಖ ನೋಡಿದರು.

"ಖಾಲಿ ಬಿಡಿ" ಅಂದರು.

ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗಲ್ಲ. ಬೂತ್‌ರಾಯ್ಡ್ ಅಂತ ಒಂದೊಂದೇ ಅಕ್ಷರ ಒತ್ತಿದೆ, ಕಳ್ಳತನ ಮಾಡ್ತಿರೋ ಹಾಗೆ. ನಾಲ್ಕನೇ ದಿನ ಹೋಗಿಬಿಟ್ಟರು. ಬೂದಿ ಕೇಳೋಕೆ ಕೌಂಟಿಯ ಸರ್ಕಾರಿ ಆಫೀಸಿಗೆ ಹೋದೆ. "ಸಂಬಂಧಿಕರಾ?" ಅಂದರು. ನೇಬರ್ ಅಂದೆ. ಅವರ ಕೈಬರಹದ ಕಾಗದ ಏನಾದರೂ ಇದೆಯೇ ಅಂದರು. ಇದ್ದ ಕಾಗದ ಹರಿಯೋ ಹಾಗೆ ಮಾಡಿದವಳೇ ನಾನು, ಎಲ್ಲಿಂದ ತರಲಿ? ಯಾರೂ ಬಾರದವರ ಬೂದಿಯನ್ನ ಕೆಲವು ಕಾಲ ಇಟ್ಟು ಆಮೇಲೆ ಎಲ್ಲರದನ್ನೂ ಒಂದೇ ಗುಂಡಿಗೆ ಹಾಕ್ತಾರಂತೆ. ಮೇಲೆ ಹೆಸರು ಬರೆಯೋದಿಲ್ಲವಂತೆ. ಅದನ್ನ ಕೇಳಿಕೊಂಡು ಕಾರಿಗೆ ಬಂದು ಕೂತವಳಿಗೆ ಎಷ್ಟೋ ಹೊತ್ತು ಸ್ಟಾರ್ಟ್ ಮಾಡೋಕೆ ಆಗಲಿಲ್ಲ. ಈಗಲೂ ಒಮ್ಮೊಮ್ಮೆ ಆಗಲ್ಲ. ಕಾಲ ಎಲ್ಲ ಮರೆಸುತ್ತೆ ಅಂತ ನನಗೆ ಯಾರೂ ಹೇಳಬೇಡಿ.

ಆ ಪಾರ್ಟಿ ಕಥೆ ಅಲ್ಲಿಗೆ ನಿಂತಿತು. ಮಗಳಿಗೆ ಅದನ್ನ ಹೇಳೇ ಇರಲಿಲ್ಲ, ದೊಡ್ಡವಳಾಗಲಿ ಅಂತ ಇಟ್ಟಿದ್ದೆ.

ಭಾನುವಾರ ಉಂಡೆ ಹಿಡಿದು ನಿಂತವಳ ಮುಂದೆ ಮಗಳು ನನ್ನ ಹಳೇ ಪಾಸ್‌ಪೋರ್ಟು ತಂದು ಹಿಡಿದಳು. ರಟ್ಟಿನ ಮೇಲೆ ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಪುಟ್ಟಸ್ವಾಮಯ್ಯ ಅಂತ ಆಗಲೇ ಬರೆದು ಅಂಟಿಸಿದ್ದಳು. ಸುತ್ತ ಹಸಿರು ಎಲೆಗಳು. ದಾರ ಅಲ್ಲಿಂದ ಶುರುವಾಗಬೇಕಂತೆ.

"ಅಮ್ಮಾ, ಹೂ ಈಸ್ ಹಿ? ನಮ್ಮ ಮುತ್ತಾತಾನಾ? ಇಲ್ಲಿ ಏನಂತ ಇದೆ, ಸರಿಯಾಗಿ ಓದು."

ಪಾಸ್‌ಪೋರ್ಟನ್ನ ಹತ್ತಿರ ಹಿಡಿದೆ, ದೂರ ಹಿಡಿದೆ.

"ಕನ್ನಡಕ ಇಲ್ಲ ಕಣೆ" ಅಂದೆ. "ಅಕ್ಷರ ಸರಿಯಾಗಿ ಕಾಣ್ತಿಲ್ಲ."

"ಅಮ್ಮಾ," ಅಂದಳು ಅವಳು, "ಯು ಆರ್ ವೇರಿಂಗ್ ದೆಮ್."